ಎತ್ತು ಏರಿಗೆ, ಟ್ರೇಲರ್ ನೀರಿಗೆ

ಡಿಕ್ಕಿ ಸಾಹೇಬರಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ. ಆಕೆ ಸಾಕಿಕೊಂಡಿದ್ದ ಜೀವಿಗಳ ಸಾಲಿನಲ್ಲಿ ಅವರ ಸರದಿ ಬರುತ್ತಿದ್ದದ್ದು ಕಟ್ಟಕಡೆಗೆ. ಮೊದಲ ಮರ್ಯಾದೆಯೆಲ್ಲ ಟೆರೇಸಿನ ಮೇಲಿದ್ದ ಆರು ಪೆಟ್ಟಿಗೆ ಜೇನುಹುಳುಗಳಿಗೆ. ಬೆಳಗ್ಗೆ ಎದ್ದವಳೇ ಮೇಲೆ ಹೋಗಿ ಅವಕ್ಕೆ ನೀರಿಟ್ಟು, ನೆರಳು ಸರಿಮಾಡಿ, ಇರುವೆ ಹತ್ತದಂತೆ ನೋಡಿ, ಒಂದೊಂದು ಪೆಟ್ಟಿಗೆಗೂ ಕಿವಿಗೊಟ್ಟು ಕ್ಷೇಮಸಮಾಚಾರ ಕೇಳಿ, ಆಮೇಲೆ ಕೆಳಗಿಳಿದು ಬಂದು, "ನಿಮಗೆ ಕಾಫಿ ಕೊಟ್ಟೆನಾ?" ಎನ್ನುತ್ತಿದ್ದಳು. ಕೊಟ್ಟಿರುತ್ತಿರಲಿಲ್ಲ.

ಹೆಂಡತಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಸಾಹೇಬರು ವಿಮಾ ಕಚೇರಿಯಲ್ಲಿ ವಾಹನ ಅಪಘಾತಗಳ ಕಡತ ನೋಡುವವರು. ಯಾರ ಕಾರು ಯಾರ ಗೋಡೆಗೆ ಗುದ್ದಿತು, ಯಾರ ಲಾರಿ ಯಾರ ಅಂಗಡಿಯೊಳಗೆ ಹೇಳದೆ ಕೇಳದೆ ನುಗ್ಗಿತು ಎಂಬುದನ್ನೆಲ್ಲ ವರ್ಷಗಟ್ಟಲೆ ಓದಿ ಓದಿ ಅವರಿಗೆ ಆ ಬಿರುದು ಬಂದಿತ್ತು. (ಡಿಕ್ಕಿ ಎಂದರೆ ಕಾರಿನ ಹಿಂಭಾಗ ಎಂದು ತಿಳಿದವರೂ ಅವರು ಕುರ್ಚಿಯಿಂದೆದ್ದು ಹೊರಟಾಗ ಹಿಂದಿನಿಂದ ನೋಡಿ, ಹೆಸರು ಸರಿಯಾಗಿಯೇ ಇದೆ ಎಂದು ಒಪ್ಪಿಕೊಳ್ಳುತ್ತಿದ್ದರು.) ಇಷ್ಟು ಓದಿದ ಮೇಲೆ ಮನುಷ್ಯನಿಗೆ ನೆಮ್ಮದಿ ಎಲ್ಲಿಂದ ಬರಬೇಕು? ರಸ್ತೆ ದಾಟುವಾಗ ಅವರು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಕೊನೆಗೊಮ್ಮೆ ಆಕಾಶವನ್ನೂ ನೋಡುತ್ತಿದ್ದರು. ಕುಳಿತಲ್ಲಿ ಅವರ ಮೊಣಕಾಲು ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತಲೇ ಇರುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಪಕ್ಕದ ಮನೆಯ ನಿವೃತ್ತ ನ್ಯಾಯಾಧೀಶರು ತಮ್ಮ ಬೋಳುತಲೆಗೆ ಗಾಳಿ ಹಾಕಿಸಿಕೊಳ್ಳುತ್ತ ಬಾಲ್ಕನಿಯಲ್ಲಿ ಕುಳಿತಿದ್ದರು. ಅದನ್ನು ಯಾವ ಹೂವೆಂದು ತಿಳಿಯಿತೋ ಏನೋ, ಒಂದು ಹುಳು ಅಲ್ಲಿ ಇಳಿಯಿತು. ಅವರು ಕೈಯೆತ್ತಿ ಹೊಡೆದರು. ಅದು ಕೊಂಡಿ ಇಳಿಸಿತು. ತಲೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಎರಡನೇ ತಲೆ ಎದ್ದಿತು. ಎರಡು ತಲೆ ಸೇರಿ ವಿಚಾರಣೆ ಇಲ್ಲದೆ ತೀರ್ಪು ಕೊಟ್ಟವು: ಭಾನುವಾರದೊಳಗೆ ಜೇನುಹುಳುಗಳಿಗೆ ಗಡಿಪಾರು. ಇಲ್ಲದಿದ್ದರೆ ಸೋಮವಾರ ಬೆಳಗ್ಗೆ ಔಷಧಿ ಹೊಡೆಯುವವರು ಬರುತ್ತಾರೆ.

ಅವತ್ತು ಹೆಂಡತಿ ಊಟ ಮಾಡಲಿಲ್ಲ. ಟೆರೇಸಿನ ಮೇಲೆ ಪೆಟ್ಟಿಗೆಗಳ ಪಕ್ಕದಲ್ಲಿ ಮಂಡಿಗೆ ಗಲ್ಲ ಆನಿಸಿ ಕುಳಿತೇ ಇದ್ದಳು. ಒಂದು ಹಳೇ ಪೆಟ್ಟಿಗೆಯಿಂದ ಆರಂಭಿಸಿ, ಹುಳು ಹೆಚ್ಚಿ ಗೂಡು ಎರಡಾದಾಗೆಲ್ಲ ಇನ್ನೊಂದು ಪೆಟ್ಟಿಗೆ ಕಟ್ಟಿಸಿ, ಆರಕ್ಕೆ ತಂದವಳು ಆಕೆ. ಸಾಹೇಬರು ಮೇಲೆ ಹೋದರು. ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು, ಮೊಣಕಾಲು ಕುಣಿಸಿ, ಕೆಳಗಿಳಿದು ಬಂದರು.

ಮರುದಿನ ಭಾವಮೈದುನನ ಫೋನು ಬಂತು. ಅವನಿಗೆ ಊರಾಚೆ ಹಣ್ಣಿನ ತೋಟ. ಮರಗಳೆಲ್ಲ ಹೂ ಬಿಟ್ಟಿವೆ, ಹುಳುಗಳು ಬಂದರೆ ಅವನಿಗೂ ಒಳ್ಳೆಯದೇ, ತಾನೇ ಟ್ರೇಲರ್ ತಂದು ಪೆಟ್ಟಿಗೆಗಳನ್ನು ಒಯ್ಯುತ್ತೇನೆ ಎಂದ. ಹೆಂಡತಿಯ ಮುಖ ಅರಳಿತು. ಅರಳಿದ್ದು ತಮ್ಮಿಂದಲ್ಲ ಎಂಬುದು ಸಾಹೇಬರಿಗೆ ಚುಚ್ಚಿತು.

"ಅವನು ಯಾಕೆ ಬರ್ಬೇಕು? ಟ್ರೇಲರ್ ಕೊಡ್ಲಿ ಸಾಕು. ನಮ್ಮ ಕಾರಿಗೇ ಕಟ್ಕೊಂಡು ನಾನೇ ತಗೊಂಡು ಹೋಗ್ತೀನಿ."

"ನೀವಾ?"

"ಯಾಕೆ, ಈ ಮನೇಲಿ ಗಂಡಸರಿಲ್ವಾ?"

"ಇದ್ದಾರೆ. ಅದಕ್ಕೇ ಭಯ."

"ನೋಡು, ಈ ದೇಶದಲ್ಲಿ ಟ್ರೇಲರ್ ಎಷ್ಟು ಥರ ಮಗುಚಬಹುದೋ ಅಷ್ಟು ಥರಾನೂ ನನಗೆ ಗೊತ್ತು."

"ಮಗುಚದೇ ಇರೋದು?" ಎಂದು ಕೇಳಿದಳು ಹೆಂಡತಿ.

ಶುಕ್ರವಾರ ಭಾವಮೈದುನ ಟ್ರೇಲರ್ ತಂದ. ಎರಡು ಚಕ್ರದ, ಮೊಣಕಾಲೆತ್ತರದ, ಸಾಧು ಮುಖದ ಟ್ರೇಲರ್. ಕಾರಿನ ಹಿಂದೆ ಕೊಂಡಿ ಕೂರಿಸಿ, ಸರಪಳಿ ಹಾಕಿ, ಲೈಟಿನ ತಂತಿ ಸಿಕ್ಕಿಸಿ ತೋರಿಸಿದ. ಹೊರಡುವಾಗ ತಲೆ ಕೆರೆದುಕೊಂಡ.

"ಭಾವ, ಮುಂದಕ್ಕೆ ಎಳ್ಕೊಂಡು ಹೋಗೋದು ಯಾರು ಬೇಕಾದ್ರೂ ಮಾಡ್ತಾರೆ. ಹಿಂದಕ್ಕೆ ತಗೊಳ್ಳೋದ್ರಲ್ಲೇ ಇರೋದು ಕಷ್ಟ. ಒಂದ್ಸಲ ಅಭ್ಯಾಸ ಮಾಡ್ಕೊಳ್ಳಿ."

"ಅಪಘಾತದ ವಿಷಯದಲ್ಲಿ ನೀನು ನನಗೆ ಪಾಠ ಹೇಳ್ತೀಯೇನೋ?"

ಹಾಗೆಂದರೂ, ಶನಿವಾರ ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಸಾಹೇಬರು ಕಳ್ಳಹೆಜ್ಜೆಯಲ್ಲಿ ಹೊರಟು ಖಾಲಿ ಆಟದ ಮೈದಾನಕ್ಕೆ ಹೋದರು. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿ ಹಿಂದಕ್ಕೆ ಬಿಟ್ಟರು. ಟ್ರೇಲರ್ ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದರು. ಅದು ಎಡಕ್ಕೆ ಹೊರಟಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಅವರು ಸಂಸಾರದ ಬಗ್ಗೆ ಹೇಳಿದ್ದೆಂದೇ ಇಷ್ಟು ದಿನ ನಂಬಿದ್ದರು. ಅದನ್ನು ಕಟ್ಟಿದವನ ಹತ್ತಿರ ಟ್ರೇಲರ್ ಇದ್ದಿರಬೇಕೆಂದು ಈಗ ಹೊಳೆಯಿತು. ಹೊಳೆಯುವಷ್ಟರಲ್ಲಿ ಹಿಂದೆ ಠಣ್ ಎಂದಿತು. ಬಾಸ್ಕೆಟ್‌ಬಾಲ್ ಕಂಬ ತಲೆಬಾಗಿ ನಿಂತಿತ್ತು.

ಸಾಹೇಬರು ಸುತ್ತ ನೋಡಿದರು. ಕಂಬವನ್ನು ಬಿಟ್ಟರೆ ಸಾಕ್ಷಿಗಳಿರಲಿಲ್ಲ. ಅಲ್ಲೇ ಕಾರಿನಲ್ಲಿ ಕುಳಿತು ಒಂದು ಮಹಾಸಂಕಲ್ಪ ಮಾಡಿದರು: ಮುಂದಿಟ್ಟ ಚಕ್ರ ಹಿಂದಿಡುವುದಿಲ್ಲ! ತೋಟದವರೆಗೂ ಮುಂದಕ್ಕೇ ಹೋಗುವುದು. ಹಿಂದಕ್ಕೆ ಬರುವ ಪ್ರಸಂಗವೇ ಬರದಂತೆ ದಾರಿ ಹುಡುಕುವುದು. (ಶೂರರ ಚರಿತ್ರೆಯಲ್ಲೂ ಹಿಮ್ಮೆಟ್ಟದ ಮಹಾವೀರರಲ್ಲಿ ಕೆಲವರಿಗೆ ಹಿಂದಕ್ಕೆ ತಿರುಗಲು ಬಾರದೆ ಇದ್ದಿರಬಹುದು.)

ಭಾನುವಾರ ಬೆಳಕು ಹರಿಯುವ ಮುಂಚೆ, ಹುಳುಗಳೆಲ್ಲ ಗೂಡಿನಲ್ಲಿರುವಾಗಲೇ ಹೆಂಡತಿ ಪೆಟ್ಟಿಗೆಗಳ ಬಾಯಿಗೆ ಸಣ್ಣ ಜಾಲರಿ ಬಡಿದಳು. ಇಬ್ಬರೂ ಸೇರಿ ಒಂದೊಂದಾಗಿ ಇಳಿಸಿ ಟ್ರೇಲರ್ ಮೇಲಿಟ್ಟರು.

"ಬಿಸಿಲೇರೋ ಮುಂಚೆ ತಲುಪಬೇಕು ರೀ. ಗಾಡಿ ಓಡ್ತಿದ್ರೆ ಗಾಳಿ ಆಡುತ್ತೆ. ಬಿಸಿಲಲ್ಲಿ ನಿಂತ್ರೆ ಒಳಗೆ ಶಾಖ ಏರಿ ಮೇಣಾನೇ ಕರಗಿ ಹೋಗುತ್ತೆ. ಹುಳು ಉಳಿಯಲ್ಲ."

"ಅಂದ್ರೆ ಎಲ್ಲೂ ನಿಲ್ಲಿಸಬಾರದು?"

"ನಿಲ್ಲಿಸಬಾರದು."

ಹಿಂದಕ್ಕೂ ಹೋಗಬಾರದು, ನಿಲ್ಲಲೂ ಬಾರದು. ಸಾಹೇಬರ ಹೊಟ್ಟೆಯಲ್ಲಿ ಜಾಲರಿ ಬಡಿಯದ ಏಳನೇ ಪೆಟ್ಟಿಗೆ ಗುಂಯ್‌ಗುಡತೊಡಗಿತು.

ಹೊರಡುವ ಮುಂಚೆ ಅವರು ತಪಾಸಣೆ ಆರಂಭಿಸಿದರು. ಭಾರ ಸ್ವಲ್ಪ ಮುಂದಕ್ಕಿರಬೇಕು, ಹಿಂದೆ ಹೆಚ್ಚಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ ಎಂದು ಪೆಟ್ಟಿಗೆಗಳನ್ನು ಮುಂದಕ್ಕೆ ಸರಿಸಿದರು. ಮುಂದೆ ಹೆಚ್ಚಾಯಿತೆಂದು ಹಿಂದಕ್ಕೆ ಸರಿಸಿದರು. ಹಗ್ಗ ಬಿಗಿದರು, ಎಳೆದು ನೋಡಿದರು, ಮತ್ತೆ ಬಿಗಿದರು. ಟೈರಿನ ಗಾಳಿ ನೋಡಿದರು. ಸರಪಳಿಗಳನ್ನು ಕೊಂಡಿಯ ಅಡಿಯಲ್ಲಿ ಕತ್ತರಿ ಆಕಾರದಲ್ಲಿ ಹಾಕಿ, ಅದಕ್ಕೊಂದು ಕಾರಣ ಹೇಳಿದರು. ಆಮೇಲೆ ಲೈಟು. ಮಗನ ತೋಟದಲ್ಲಿ ಕೆಲವು ದಿನ ಇರಲೆಂದು ಹಾಸಿಗೆ ಸುರುಳಿ, ದಿಂಬು, ಎರಡು ಚೀಲ ಕಟ್ಟಿಕೊಂಡು ಅತ್ತೆಯೂ ಹೊರಟು ನಿಂತಿದ್ದರು. ಅವರನ್ನೇ ಟ್ರೇಲರ್ ಹಿಂದೆ ನಿಲ್ಲಿಸಿದರು.

"ಅತ್ತೆ, ಎಡಗಡೆ ಲೈಟು ಹತ್ತಿತಾ?"

"ನನ್ನ ಎಡಾನಾ, ನಿಮ್ಮ ಎಡಾನಾ ಅಳಿಯಂದ್ರೇ?"

"ಇಬ್ಬರೂ ಒಂದೇ ಕಡೆ ಮುಖ ಮಾಡಿದ್ರೆ ಒಂದೇ ಎಡ ಅತ್ತೆ!"

"ನಾನು ಲೈಟಿನ ಕಡೆ ಮುಖ ಮಾಡಿದ್ದೀನಿ. ನೀವು ಯಾವ ಕಡೆ ಮಾಡಿದ್ದೀರೋ ನನಗೆ ಹೇಗೆ ಗೊತ್ತಾಗ್ಬೇಕು?"

ಇಷ್ಟಾಗುವಾಗ ಸೂರ್ಯ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಬಂದು ಕುಳಿತಿದ್ದ. ಹೆಂಡತಿ ಕಾರಿನ ಬಾಗಿಲನ್ನು ಎಳೆದು ಹಾಕಿದ ಸದ್ದಿಗೆ ಸಾಹೇಬರು ತಪಾಸಣೆ ಮುಗಿಯಿತೆಂದು ಘೋಷಿಸಿದರು.

ಕಾರು ಹೊರಟಿತು. ಆಟದ ಮೈದಾನ ದಾಟುವಾಗ ಹೆಂಡತಿ ಕಿಟಕಿಯಿಂದ ಇಣುಕಿದಳು. "ಅಯ್ಯೋ, ಆ ಕಂಬ ಯಾಕೆ ಹಾಗೆ ವಾಲಿದೆ?"

"ಗಾಳಿ" ಎಂದರು ಸಾಹೇಬರು.

"ಕಬ್ಬಿಣದ ಕಂಬ ರೀ."

"ಕಬ್ಬಿಣಕ್ಕೆ ಗಾಳಿ ಬೀಸಲ್ವಾ?"

ಹೆದ್ದಾರಿಗೆ ಬಂದರು. ಟ್ರೇಲರ್ ಇದ್ದಾಗ ಬ್ರೇಕು ತಡವಾಗಿ ಹಿಡಿಯುತ್ತದೆ, ಮುಂದಿನ ವಾಹನಕ್ಕೂ ನಮಗೂ ನಡುವೆ ದುಪ್ಪಟ್ಟು ಜಾಗ ಬಿಡಬೇಕೆಂಬುದು ಶಾಸ್ತ್ರ. ಸಾಹೇಬರು ಬಿಟ್ಟರು. ಅಷ್ಟು ಒಳ್ಳೆಯ ಜಾಗ ಖಾಲಿ ಬಿದ್ದಿರುವುದನ್ನು ಕಂಡು ಒಂದು ಕಾರು ಬಂದು ತೂರಿಕೊಂಡಿತು. ಸಾಹೇಬರು ನಿಧಾನ ಮಾಡಿ ಅದಕ್ಕೂ ಜಾಗ ಬಿಟ್ಟರು. ಇನ್ನೊಂದು ತೂರಿಕೊಂಡಿತು. ಅದಕ್ಕೂ ಬಿಟ್ಟರು. ಒಂದು ಸೈಕಲ್ಲು ಗಂಟೆ ಬಾರಿಸುತ್ತ ಮುಂದೆ ಹೋಯಿತು.

"ಹೀಗೇ ಬಿಡ್ತಾ ಹೋದ್ರೆ ನಾವು ಹಿಂದಕ್ಕೇ ಸರ್ಕೊಂಡು ಸಂಜೆಗೆ ಮನೆ ಸೇರ್ತೀವಿ" ಎಂದಳು ಹೆಂಡತಿ.

"ನಮ್ಮಲ್ಲಿ ಒಂದು ಕೇಸ್ ಬಂದಿತ್ತು. ಜಾಗ ಬಿಡದೇ ಹೋದವನು ಮುಂದಿನ ಲಾರಿ ಒಳಗೆ..."

"ನಿಮ್ಮ ಕೇಸುಗಳಲ್ಲಿ ಒಬ್ಬರಾದ್ರೂ ಸುಖವಾಗಿ ಮನೆ ತಲುಪಿದ್ದಾರಾ?"

"ತಲುಪಿದವರು ನಮ್ಮ ಆಫೀಸಿಗೆ ಯಾಕೆ ಬರ್ತಾರೆ?"

ಹಿಂದಿನ ಸೀಟಿನಲ್ಲಿ ಹಾಸಿಗೆ ಸುರುಳಿಯ ಪಕ್ಕ ಹುದುಗಿದ್ದ ಅತ್ತೆ ಕೆಮ್ಮಿದರು. "ಅಳಿಯಂದ್ರೇ, ಸ್ವಲ್ಪ ಎಲ್ಲಾದ್ರೂ ನಿಲ್ಲಿಸ್ತೀರಾ? ಬೆಳಗ್ಗೆ ಲೈಟು ನೋಡೋ ಗಡಿಬಿಡೀಲಿ ಎರಡು ಲೋಟ ನೀರು ಕುಡ್ದಿದ್ದೆ."

ಸಾಹೇಬರು ಅತ್ತಿತ್ತ ನೋಡಿದರು. ಒಂದು ಪೆಟ್ರೋಲ್ ಬಂಕ್ ಬಂತು. ಒಳಗೆ ಕಾರುಗಳು ಒತ್ತೊತ್ತಾಗಿ ನಿಂತಿದ್ದವು. ಹೋದರೆ ಹಿಂದಕ್ಕೆ ತೆಗೆಯಬೇಕಾಗುತ್ತದೆ. "ಇಲ್ಲಿ ಅಷ್ಟು ಚೊಕ್ಕಟ ಇಲ್ಲ ಅತ್ತೆ" ಎಂದರು. ಒಂದು ಹೋಟೆಲ್ ಬಂತು. "ಇಲ್ಲಿ ಬಹಳ ಜನ." ಇನ್ನೊಂದು ಬಂತು. "ಇಲ್ಲಿ ಯಾರೂ ಇಲ್ಲ, ಅನುಮಾನ." ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟು ಬಿಗಿಯಾಗಿ ಹಿಡಿದರು.

ಆಗ ಇಳಿಜಾರು ಬಂತು. ಪಕ್ಕದಿಂದ ದೊಡ್ಡ ಬಸ್ಸೊಂದು ಭರ್ರೆಂದು ಹಾದುಹೋದ ರಭಸಕ್ಕೆ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಾಡಿತು. ಇಡೀ ಕಾರನ್ನೇ ಹಿಡಿದು ಜಗ್ಗಿದ ಹಾಗಾಯಿತು. ಹೆಂಡತಿ ಚೀರಿದಳು. ಅತ್ತೆ ಕಣ್ಣು ಮುಚ್ಚಿದರು. ಇಂಥ ಹೊತ್ತಿನಲ್ಲಿ ಗಾಬರಿಯಿಂದ ಬ್ರೇಕು ತುಳಿದವರ ಕಡತಗಳೆಲ್ಲ ಸಾಹೇಬರ ಕಣ್ಣ ಮುಂದೆ ಸಾಲುಗಟ್ಟಿದವು. ಅವರು ಬ್ರೇಕು ಮುಟ್ಟಲಿಲ್ಲ. ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಲರೇಟರಿನಿಂದ ಕಾಲು ತೆಗೆದು, ಉಸಿರು ಬಿಗಿಹಿಡಿದು ಕುಳಿತರು. ಟ್ರೇಲರ್ ಇನ್ನೆರಡು ಸಲ ಮೊಂಡುತನ ಮಾಡಿ ಸುಮ್ಮನಾಯಿತು.

ಸಾಹೇಬರ ಮೊಣಕಾಲು ಕುಣಿಯುವುದನ್ನೇ ಮರೆತಿತ್ತು.

"ರೀ" ಎಂದಳು ಹೆಂಡತಿ ಮೆಲ್ಲಗೆ. "ಚೆನ್ನಾಗಿ ಹಿಡಿದ್ರಿ."

ಮದುವೆಯಾದಂದಿನಿಂದ ಇಂಥ ಮಾತು ಅವರ ಕಿವಿಗೆ ಬಿದ್ದದ್ದು ಅಪರೂಪ. ಸಾಹೇಬರ ಎದೆ ಸೀಟ್ ಬೆಲ್ಟನ್ನು ಮೀರಿ ಉಬ್ಬಿತು. ಆ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತ ಹೋದರು. ಮೆಲುಕು ಹಾಕುವವರು ದಾರಿ ನೋಡುವುದಿಲ್ಲ ಎಂಬುದು ಯಾವ ಎಮ್ಮೆಯನ್ನು ಕೇಳಿದರೂ ಗೊತ್ತಾಗುತ್ತದೆ.

"ಎರಡನೇ ಪೆಟ್ರೋಲ್ ಬಂಕ್ ಆದ್ಮೇಲೆ ಎಡಕ್ಕೆ ಅಂದಿದ್ದ ತಮ್ಮ" ಎಂದು ಹೆಂಡತಿ ನೆನಪಿಸಿದಳು. ಬಂಕ್ ಬಂತು. ಅದರ ಗೋಡೆ ಮುಗಿಯುತ್ತಲೇ ಎಡಕ್ಕೊಂದು ಓಣಿ. ಸಾಹೇಬರು ಟ್ರೇಲರ್ ಮೂಲೆಗೆ ತಾಗದಂತೆ ಅಗಲವಾಗಿ, ಪಾಠದ ಪ್ರಕಾರವೇ, ಅತ್ಯಂತ ಸುಂದರವಾದ ತಿರುವು ತೆಗೆದುಕೊಂಡು ಒಳಗೆ ಹೋದರು.

ಓಣಿಯ ಎರಡೂ ಕಡೆ ಎತ್ತರದ ಗೋಡೆ. ಮುಂದೆ ಒಂದು ಕೆಂಪು ಕಾರು ನಿಂತಿತ್ತು. ಅದು ಸ್ವಲ್ಪ ಮುಂದಕ್ಕೆ ಹೋಯಿತು. ಇವರೂ ಹೋದರು. ಹಿಂದೆ ಒಂದು ಕಾರು ಬಂದು ನಿಂತಿತು. ಅದರ ಹಿಂದೆ ಇನ್ನೊಂದು.

"ತೋಟದ ದಾರೀಲಿ ಇಷ್ಟೊಂದು ಕಾರಾ?" ಎಂದಳು ಹೆಂಡತಿ.

ಕೆಂಪು ಕಾರು ದೊಡ್ಡದೊಂದು ಬಾಗಿಲಿನೊಳಗೆ ನುಗ್ಗಿತು. ಒಳಗೆ ಮಳೆ ಸುರಿಯುತ್ತಿತ್ತು. ನೀಲಿ ಬಣ್ಣದ ರಾಕ್ಷಸ ಗಾತ್ರದ ಬ್ರಷ್ಷುಗಳು ಗಿರಗಿರನೆ ತಿರುಗುತ್ತ ಕಾರನ್ನು ತಬ್ಬಿಕೊಂಡವು.

ಅದು ಕಾರು ತೊಳೆಯುವ ಜಾಗ.

"ರೀ, ಹುಳುಗಳು!" ಎಂದಳು ಹೆಂಡತಿ. ಅಷ್ಟೇ. ಆದರೆ ಆ ಎರಡು ಮಾತಿನಲ್ಲಿ ಆರು ಪೆಟ್ಟಿಗೆ, ಮುಳುಗಿ ಸಾಯುವ ಸಾವಿರಾರು ಜೀವಗಳು, ಗಂಡನ ಬುದ್ಧಿಮತ್ತೆ ಎಲ್ಲವೂ ಬಂದುಹೋಗಿದ್ದವು.

ಪಕ್ಕದ ಗಾಜಿನ ಕೋಣೆಯಲ್ಲಿ ಯಂತ್ರದ ಗುಂಡಿಗಳ ಮುಂದೆ ನಿಂತಿದ್ದ ತೊಳೆಯುವವನು ಓಡಿ ಬಂದ. "ಟ್ರೇಲರ್ ತಗೊಂಡು ಯಾಕೆ ಬಂದ್ರಿ ಸಾರ್? ಹಿಂದಕ್ಕೆ ತಗೊಳ್ಳಿ."

ಸಾಹೇಬರು ಗಂಭೀರವಾಗಿ ಹೇಳಿದರು. "ನಾವು ಹಿಂದಕ್ಕೆ ಹೋಗೋದಿಲ್ಲ."

"ಹೋಗೋದಿಲ್ಲ ಅಂದ್ರೆ?"

"ಅದು ನಮ್ಮ ಪದ್ಧತಿ ಅಲ್ಲ."

ಹೆಂಡತಿ ಅವರ ಕಡೆ ತಿರುಗಿದಳು. "ರೀ, ನಿಮಗೆ ರಿವರ್ಸ್ ಬರಲ್ವಾ?"

"ಬರುತ್ತೆ. ಟ್ರೇಲರ್ರಿಗೆ ಬರಲ್ಲ."

ಹಿಂದಿನ ಕಾರುಗಳು ಹಾರನ್ ಬಾರಿಸಲಾರಂಭಿಸಿದವು. ಬಿಸಿಲು ಗೋಡೆ ಇಳಿದು ಪೆಟ್ಟಿಗೆಗಳ ಮೇಲೆ ಬಿತ್ತು. ಒಳಗಿನ ಗುಂಯ್‌ಗಾನದ ಶ್ರುತಿ ಏರಿತು. ಅತ್ತೆ ಬಾಗಿಲು ತೆರೆದು ಕೆಳಗಿಳಿದರು. "ನೀವು ನಿಧಾನವಾಗಿ ತೀರ್ಮಾನ ಮಾಡಿ ಅಳಿಯಂದ್ರೇ, ಏನೂ ಅವಸರ ಇಲ್ಲ" ಎಂದವರೇ, ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು, ವಯಸ್ಸಿಗೆ ಮೀರಿದ ವೇಗದಲ್ಲಿ ಬಂಕಿನ ಶೌಚಾಲಯದ ಕಡೆಗೆ ಹೋದರು.

ತೊಳೆಯುವವನು ಹಿಂದಿನ ಕಾರುಗಳಿಗೆಲ್ಲ ಕೈಮುಗಿದು ಓಣಿ ಖಾಲಿ ಮಾಡಿಸಿದ. ಕಾರಿನವರು ಇಳಿದು ಬಂದರು. ದಾರಿಯಲ್ಲಿ ಯಾರಾದರೂ ಕಷ್ಟದಲ್ಲಿದ್ದರೆ ದಾರಿ ಹೇಳುವವರಿಗೇನು ಬರ? ಒಬ್ಬ ಬಲಕ್ಕೆ ಎಂದ. ಅವನ ಹೆಂಡತಿ ಎಡಕ್ಕೆ ಎಂದಳು. ಇನ್ನೊಬ್ಬ ಎರಡೂ ಕೈ ಎತ್ತಿ ವಿಮಾನ ಇಳಿಸುವವನ ಹಾಗೆ ಬೀಸಿದ. ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ, ಎಲ್ಲರ ಮಾತನ್ನೂ ಸರದಿಯ ಪ್ರಕಾರ ಪಾಲಿಸಿದರು. ಟ್ರೇಲರ್ ಮೊದಲು ಮೂಗು ತಿರುಗಿಸಿತು, ಆಮೇಲೆ ಸೊಂಟ ತಿರುಗಿಸಿತು, ಕೊನೆಗೆ ಓಣಿಗೆ ಅಡ್ಡಲಾಗಿ ಮಲಗಿ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಟಪ್ ಎಂದು ಒಂದು ಪೆಟ್ಟಿಗೆ ಗೋಡೆಗೆ ತಾಗಿತು. ಅದರ ಬಾಯಿಯ ಜಾಲರಿ ಒಂದು ಮೂಲೆಯಲ್ಲಿ ಕಿತ್ತುಕೊಂಡಿತು.

ಮೊದಲು ಒಂದು ಹುಳು ಹೊರಗೆ ಬಂದು ಪರಿಸ್ಥಿತಿ ನೋಡಿತು. ಒಳಗೆ ಹೋಗಿ ಹೇಳಿತೋ ಏನೋ, ಹತ್ತಾರು ಬಂದವು.

ದಾರಿ ಹೇಳುತ್ತಿದ್ದವರೆಲ್ಲ ತಮ್ಮ ತಮ್ಮ ದಾರಿ ಹಿಡಿದರು. ವಿಮಾನ ಇಳಿಸುವವನು ಎರಡೂ ಕೈ ಬೀಸುತ್ತಲೇ ಓಡಿದ. ಕಾರಿನ ಬಾಗಿಲುಗಳು ಧಡಧಡನೆ ಮುಚ್ಚಿಕೊಂಡವು. ಓಣಿಯಲ್ಲಿ ಉಳಿದವಳು ಹೆಂಡತಿ ಒಬ್ಬಳೇ. ಜೇನು ಪೆಟ್ಟಿಗೆ ತೆರೆಯುವಾಗ ಹಾಕುವ ಬಲೆಯ ಟೋಪಿಯನ್ನು ಮುಖಕ್ಕೆ ಇಳಿಬಿಟ್ಟುಕೊಂಡು, ಟ್ರೇಲರ್ ಹತ್ತಿ, ಸೆರಗನ್ನು ಮಡಚಿ ಆ ಮೂಲೆಗೆ ತುರುಕಿ, ಕೈಯಿಂದ ಒತ್ತಿಹಿಡಿದಳು. ಎರಡು ಹುಳು ಕೈಗೆ ಕಚ್ಚಿದರೂ ಆಕೆ ಅಲುಗಾಡಲಿಲ್ಲ. ಸಾಹೇಬರು ಅದನ್ನು ಕನ್ನಡಿಯಲ್ಲಿ ನೋಡಿದರು. ಬಾಗಿಲು ತೆರೆದು, ಹುಳುಗಳ ನಡುವೆಯೇ ಹಿಂದಕ್ಕೆ ಓಡಿದರು.

"ಏನ್ಮಾಡ್ಲಿ ಹೇಳು!"

"ಹಗ್ಗ ಕೊಡಿ. ಇಲ್ಲಿ ಬಿಗೀರಿ. ಅಲ್ಲಲ್ಲ, ನನ್ನ ಬೆರಳಿನ ಮೇಲಲ್ಲ!"

ಬಿಗಿದರು. ಹೆಂಡತಿ ಸೆರಗು ಬಿಡಿಸಿಕೊಂಡಳು. ಅಷ್ಟು ಹೊತ್ತಿಗೆ ತೊಳೆಯುವವನ ಧ್ವನಿ ಗಾಜಿನ ಕೋಣೆಯಿಂದ ಕೇಳಿಬಂತು. "ಸಾರ್, ಹಿಂದಕ್ಕೆ ಬೇಡ! ಯಂತ್ರ ನಿಲ್ಲಿಸಿದ್ದೀನಿ. ಬ್ರಷ್ ಮೇಲೆತ್ತಿದ್ದೀನಿ. ಪುಣ್ಯಾತ್ಮ, ಮುಂದಕ್ಕೇ ಹೋಗಿಬಿಡಿ!"

ಮುಂದಕ್ಕೆ! ಸಾಹೇಬರ ಕಿವಿಗೆ ಅಮೃತ ಸುರಿದ ಹಾಗಾಯಿತು. ಇರಲಿ ಎಂದು ಹೆಂಡತಿ ಪೆಟ್ಟಿಗೆಗಳ ಮೇಲೆ ಟಾರ್ಪಾಲು ಎಳೆದು ಕಟ್ಟಿದಳು. ಸಾಹೇಬರು ಕಾರು ಹತ್ತಿ ಮುಂದಕ್ಕೆ ಬಿಟ್ಟ ಕೂಡಲೇ ಟ್ರೇಲರ್ ಶಾಲೆಗೆ ಹೊರಟ ಮಗುವಿನ ಹಾಗೆ ನೆಟ್ಟಗಾಗಿ ಹಿಂದೆ ಬಂತು. ಗೋಡೆಗೆ ತಾಗೀತೆಂದು ಕಿಟಕಿಯಿಂದ ತಲೆ ಹೊರಗಿಟ್ಟು, ಇಂಚಿಂಚು ನೋಡುತ್ತ, ಜಗತ್ತಿನ ಅತ್ಯಂತ ಸುರಕ್ಷಿತ ಚಾಲಕನ ಗತ್ತಿನಲ್ಲಿ ಅವರು ಯಂತ್ರದೊಳಗೆ ಪ್ರವೇಶಿಸಿದರು.

ಅಷ್ಟರಲ್ಲಿ ಗಾಜಿನ ಕೋಣೆಯೊಳಗೆ ಒಂದು ಹುಳು ಸಿಕ್ಕಿಕೊಂಡಿತ್ತು. ತೊಳೆಯುವವನು ಅದನ್ನು ತಪ್ಪಿಸಿಕೊಳ್ಳಲು ಹಿಂದಕ್ಕೆ ನೆಗೆದ. ಅವನ ಮೊಣಕೈ ಹೋಗಿ ಬಡಿದದ್ದು ದೊಡ್ಡ ಹಸಿರು ಗುಂಡಿಗೆ.

ಮೊದಲು ನೊರೆ ಬಂತು. ನೊರೆಯೆಂದರೆ ಅಂಥಿಂಥ ನೊರೆಯಲ್ಲ, ಮಲ್ಲಿಗೆ ಪರಿಮಳದ್ದು. ಸಾಹೇಬರು ಬಾಯಿ ತೆರೆದು "ಏಯ್" ಎಂದರು. ತೆರೆದ ಬಾಯಿಯೂ ತುಂಬಿತು. ಕಿಟಕಿ ಏರಿಸಲು ಗುಂಡಿ ಒತ್ತಿದರು. ಹಿಂದಿನ ಕಿಟಕಿ ಇಳಿಯಿತು. ಇನ್ನೊಂದು ಒತ್ತಿದರು. ವೈಪರ್ ಶುರುವಾಯಿತು. ಮುಂದಕ್ಕೆ ಹೋಗೋಣವೆಂದರೆ ಎದುರಿಗೆ ಬ್ರಷ್ಷು ಇಳಿದು ನಿಂತಿದೆ. ಹಿಂದಕ್ಕೆ ಹೋಗೋಣವೆಂದರೆ... ಹೋಗಲಿ ಬಿಡಿ. ಪಕ್ಕದ ಬ್ರಷ್ಷು ಬಂದು, ತಾಯಿ ಮಗುವಿನ ಕಿವಿ ಉಜ್ಜುವ ಹಾಗೆ ಕಿಟಕಿಯೊಳಗಿಂದ ಸಾಹೇಬರ ಬಲಗಿವಿ, ಕೆನ್ನೆ, ಭುಜವನ್ನು ಉಜ್ಜಿತು. ಆಮೇಲೆ ನಾಲ್ಕೂ ದಿಕ್ಕಿನಿಂದ ನೀರು. ಕಡೆಗೆ ಬಿಸಿಗಾಳಿ ಬೀಸುವ ಹೊತ್ತಿಗೆ ತೊಳೆಯುವವನು ಕೆಂಪು ಗುಂಡಿ ಹುಡುಕಿ ಒತ್ತಿದ. ಹೀಗಾಗಿ ಒಣಗುವ ಭಾಗ್ಯ ಮಾತ್ರ ಸಿಗಲಿಲ್ಲ.

ಆಚೆ ಬಾಗಿಲಿನಲ್ಲಿ ಅತ್ತೆ ಕಾಗದದ ಲೋಟದಲ್ಲಿ ಟೀ ಕುಡಿಯುತ್ತ ನಿಂತಿದ್ದರು. ನೊರೆಯ ಮುದ್ದೆಯೊಂದು ಕಾರು ಓಡಿಸಿಕೊಂಡು ಹೊರಬಂದದ್ದನ್ನು ಕಂಡು ಲೋಟ ಇಳಿಸಿದರು. "ನೀವು ಸ್ನಾನ ಮಾಡಿರಲಿಲ್ವಾ ಅಳಿಯಂದ್ರೇ?"

ಹೆಂಡತಿ ಓಣಿ ಸುತ್ತಿ ಓಡಿ ಬಂದವಳು ಗಂಡನನ್ನು ದಾಟಿ ನೇರವಾಗಿ ಟ್ರೇಲರ್ ಬಳಿ ಹೋದಳು. ಟಾರ್ಪಾಲಿನ ಮೇಲೆ ನೀರು ನಿಂತಿತ್ತು. ಎಳೆದು ತೆಗೆದಳು. ಒಂದೊಂದು ಪೆಟ್ಟಿಗೆಗೂ ಕಿವಿಗೊಟ್ಟಳು. ಸಾಹೇಬರು ತೊಟ್ಟಿಕ್ಕುತ್ತ ಪಕ್ಕದಲ್ಲಿ ನಿಂತರು.

"ಒಳಗೆ ಒಂದು ಹನಿ ನೀರೂ ಹೋಗಿಲ್ಲ ರೀ" ಎಂದಳು ಕೊನೆಗೆ. "ಆರೂ ಗೂಡು ಉಳಿದಿವೆ." ಬಲೆಯ ಹಿಂದೆ ಆಕೆಯ ಕಣ್ಣು ತುಂಬಿತ್ತು. ಆಮೇಲೆ ಗಂಡನನ್ನು ಅಡಿಯಿಂದ ಮುಡಿವರೆಗೆ ನೋಡಿ ತುಟಿ ಕಚ್ಚಿಕೊಂಡಳು. ಎಷ್ಟು ಕಚ್ಚಿದರೂ ನಗು ನಿಲ್ಲಲಿಲ್ಲ.

ಸರಿಯಾದ ತಿರುವು ಸ್ವಲ್ಪ ಮುಂದೆಯೇ ಇತ್ತು. ಭಾವಮೈದುನ ತೋಟದ ಬಾಗಿಲಲ್ಲಿ ಕಾಯುತ್ತಿದ್ದ. "ಬನ್ನಿ ಭಾವ! ಕಾರು ಎಷ್ಟು ಚೆನ್ನಾಗಿ ತೊಳ್ಕೊಂಡು ಬಂದಿದ್ದೀರಿ, ಯಾಕೆ ಇಷ್ಟೊಂದು ತೊಂದ್ರೆ ತಗೊಂಡ್ರಿ?" ಎಂದ. ಸಾಹೇಬರು ಉತ್ತರವಾಗಿ ಸೀನಿದರು. ಒಂದು ಸಣ್ಣ ಗುಳ್ಳೆ ಹಾರಿಹೋಯಿತು.

ಪೆಟ್ಟಿಗೆಗಳು ಮರಗಳ ನೆರಳು ಸೇರಿದವು. ಹೆಂಡತಿ ಜಾಲರಿ ತೆಗೆದಳು. ಹುಳುಗಳು ಬಾಗಿಲಿಗೆ ಬಂದು, ಹೊಸ ಊರನ್ನು ಒಂದು ಸುತ್ತು ನೋಡಿ, ಹೂವಿನ ಕಡೆ ಹೊರಟವು. ಆಕೆ ನೋಡುತ್ತಲೇ ನಿಂತಳು. ಸಾಹೇಬರು ದೂರ ನಿಂತು ನೋಡಿದರು. (ಮಲ್ಲಿಗೆ ಘಮಘಮಿಸುವ ಅಂಗಿ ಬದಲಾಯಿಸುವ ತನಕ ಹತ್ತಿರ ಬರಬೇಡಿ ಎಂದು ಅಪ್ಪಣೆಯಾಗಿತ್ತು.)

ಊಟವಾದ ಮೇಲೆ ಸಾಹೇಬರಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎಲ್ಲ ಗೆದ್ದು ರಿವರ್ಸಿಗೆ ಸೋತೆನೆಂಬ ಚಿಂತೆ. ಭಾವಮೈದುನನನ್ನು ಮರದ ಹಿಂದಕ್ಕೆ ಕರೆದು ಪಿಸುಗುಟ್ಟಿದರು. "ಅದನ್ನ ಹೇಗಪ್ಪಾ ಮಾಡೋದು?"

"ಸುಲಭ ಭಾವ. ಸ್ಟೀರಿಂಗಿನ ಕೆಳಭಾಗ ಹಿಡ್ಕೊಳ್ಳಿ. ಟ್ರೇಲರ್ ಯಾವ ಕಡೆ ಹೋಗ್ಬೇಕೋ ಕೈ ಆ ಕಡೆಗೆ. ನಿಧಾನ. ಎರಡೂ ಕನ್ನಡಿ ನೋಡ್ತಿರಿ. ಖಾಲಿ ಟ್ರೇಲರ್ ತಗ್ಗು, ಕಾರಿನಷ್ಟು ಅಗಲಾನೂ ಇಲ್ಲ. ಒಂದು ಕನ್ನಡೀಲಿ ಇಣುಕಿದ್ರೆ ಸೊಟ್ಟ ಆಗಿದೆ ಅಂತ. ಎರಡರಲ್ಲೂ ಕಾಣಿಸದೇ ಇದ್ರೆ ನೆಟ್ಟಗಿದೆ ಅಂತ."

ಸಾಹೇಬರು ಅದನ್ನು ಬಾಯಿಪಾಠ ಮಾಡಿಕೊಂಡರು. ಭಾವಮೈದುನನ ಅಂಗಿ ತೊಟ್ಟು, ಪಂಚೆ ಉಟ್ಟು, ತಲೆ ಬಾಚಿ, ಹೊರಗೆ ಬಂದರು. ಹೆಂಡತಿ, ಅತ್ತ ಕಡೆಯ ಚಪ್ಪರದ ಹತ್ತಿರ ಅತ್ತೆ, ಭಾವಮೈದುನ ಎಲ್ಲರೂ ಅಂಗಳದಲ್ಲೇ ಇದ್ದರು. ಇದಕ್ಕಿಂತ ಒಳ್ಳೆಯ ಸಭೆ ಸಿಕ್ಕೀತೇ?

"ಎಲ್ಲರೂ ಸ್ವಲ್ಪ ಈ ಕಡೆ ನೋಡಿ" ಎಂದು ಕೂಗಿ, ಸೀದಾ ಕಾರು ಹತ್ತಿ ಕುಳಿತರು. ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಸಾಹೇಬರು ಕೈಯೆತ್ತಿ ತಡೆದರು. ಸ್ಟೀರಿಂಗಿನ ಕೆಳಭಾಗ ಹಿಡಿದರು. ನಿಧಾನವಾಗಿ ಹಿಂದಕ್ಕೆ ಬಿಟ್ಟರು. ಎಡಗನ್ನಡಿಯಲ್ಲಿ ಟ್ರೇಲರ್ ಇಲ್ಲ. ಬಲಗನ್ನಡಿಯಲ್ಲೂ ಇಲ್ಲ. ನೆಟ್ಟಗೆ! ಇನ್ನಷ್ಟು ಬಿಟ್ಟರು. ಈಗಲೂ ಇಲ್ಲ. ಅವರ ಎದೆ ಕುಣಿಯಿತು. ಮರಗಳ ಸಾಲಿನ ನಡುವೆ, ತೋಟದ ದಾರಿಯುದ್ದಕ್ಕೂ, ಬಾವಿಯನ್ನು ಬಳಸಿ, ಸೌದೆಯ ರಾಶಿಯನ್ನು ಸವರದಂತೆ, ಗೆರೆ ಎಳೆದ ಹಾಗೆ ಹಿಂದಕ್ಕೆ ಹೋದರು. ಹಾಗೆಯೇ ಮುಂದಕ್ಕೆ ಬಂದು, ಇನ್ನೊಮ್ಮೆ ಹೋದರು. ಒಂದು ಕೂದಲೆಳೆ ಸೊಟ್ಟಗಾಗಲಿಲ್ಲ. ಇಷ್ಟು ಸಲೀಸಾದ ವಿದ್ಯೆಗೆ ಆ ಕಂಬವನ್ನು ಬಾಗಿಸಿದೆನಲ್ಲ ಎಂದು ಮರುಗಿದರು.

ಅಂಗಳದ ಮಧ್ಯೆ ಕಾರು ನಿಲ್ಲಿಸಿ, ಇಳಿದು, ಎರಡೂ ಕೈ ಅಗಲಿಸಿ ನಿಂತರು. "ಹೇಗೆ?"

ಭಾವಮೈದುನ ಬೆನ್ನು ತಿರುಗಿಸಿ ಮರದ ಕಾಂಡವನ್ನು ತಬ್ಬಿಕೊಂಡಿದ್ದ. ಅವನ ಭುಜ ಅದುರುತ್ತಿತ್ತು. ಹೆಂಡತಿ ಸೆರಗನ್ನು ಪೂರ್ತಿಯಾಗಿ ಬಾಯಿಗೆ ತುರುಕಿಕೊಂಡಿದ್ದಳು. ಅತ್ತೆ ಮಾತ್ರ ಚಪ್ಪರದ ಕೆಳಗೆ ಯಾವುದೋ ತಗ್ಗಾದ ಕಟ್ಟೆಯಂಥದ್ದರ ಮೇಲೆ ಕಾಲು ಚಾಚಿ ಕುಳಿತು, ಮನಸಾರೆ ಮೆಚ್ಚಿ ತಲೆದೂಗುತ್ತಿದ್ದರು.

"ತುಂಬಾ ನೆಟ್ಟಗೆ ಬಂತು ಅಳಿಯಂದ್ರೇ. ಒಂದು ಚೂರೂ ಸೊಟ್ಟ ಆಗ್ಲಿಲ್ಲ" ಎಂದರು ಅತ್ತೆ. ಆಮೇಲೆ ಎರಡು ಚಕ್ರದ ಆ ಕಟ್ಟೆಯಿಂದ ಮೆಲ್ಲಗೆ ಕೆಳಗಿಳಿದು, ಸೀರೆಯ ಧೂಳು ಕೊಡವಿಕೊಂಡರು. "ಈಗ ನಾನು ಎದ್ದೆ. ನನ್ನ ಮಗ ಬಿಚ್ಚಿಟ್ಟಿರೋ ಈ ಟ್ರೇಲರ್ರನ್ನೂ ಕಟ್ಕೊಂಡು ಒಂದ್ಸಲ ಮಾಡಿ ತೋರ್ಸಿ, ನೋಡೋಣ."